ಗಟ್ಟಿಮುಟ್ಟಾದ ರೋಗಿಗಳು ಬೇಕಾಗಿದ್ದಾರೆ

ಕೃಷ್ಣಾ ದಂಡೆಯ ಊರೊಂದಕ್ಕೆ ಮುಂಗಾರಿಗೆ ಮುಂಚೆ ಮೇಲಿನಿಂದ ಒಂದು ಸುತ್ತೋಲೆ ಬಂತು. ನೆರೆ ಬಂದಾಗ ಡಯಾಲಿಸಿಸ್ ರೋಗಿಗಳು, ಆಕ್ಸಿಜನ್ ಮೇಲಿರುವವರು, ಹಾಸಿಗೆ ಹಿಡಿದ ವೃದ್ಧರು, ದಿನ ತುಂಬಿದ ಬಸುರಿಯರು, ಗಾಲಿಕುರ್ಚಿಯವರು ಇವರಿಗೆಲ್ಲ ವಿಶೇಷ ಕಾಳಜಿ ಕೇಂದ್ರ ತೆರೆಯುವ ಯೋಜನೆ ಸಿದ್ಧವಾಗಿದೆ. ಅದು ನಡೆಯುತ್ತದೋ ಇಲ್ಲವೋ ನೋಡಲು ಅಣಕು ಕಾರ್ಯಾಚರಣೆ ಇಟ್ಟುಕೊಳ್ಳಲಾಗಿದೆ. ಕೂಡಲೇ ಇಪ್ಪತ್ತು ಮಂದಿ ರೋಗಿಗಳನ್ನು ಒದಗಿಸತಕ್ಕದ್ದು. ಕೆಳಗೊಂದು ಷರಾ: ರೋಗಿಗಳು ಆರೋಗ್ಯವಂತರಾಗಿರಬೇಕು. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರಿಗೆ ಆದ್ಯತೆ. ಈಜು ಬಂದರೆ ಉತ್ತಮ.

ಷರಾ ಓದಿ ನಗಬೇಡಿ, ಅದರ ಹಿಂದೆ ದೂರಾಲೋಚನೆ ಇದೆ. ನಿಜವಾದ ರೋಗಿಯನ್ನು ದೋಣಿ ಹತ್ತಿಸಿ ಹೆಚ್ಚುಕಮ್ಮಿಯಾದರೆ ಯಾರು ಹೊಣೆ? ಅಣಕಿನಲ್ಲೇ ಹೀಗಾದರೆ ಅಸಲಿ ನೆರೆಯಲ್ಲಿ ಏನು ಗತಿ ಎಂದು ಪತ್ರಕರ್ತರು ಕೇಳಿದರೆ ಏನು ಹೇಳುವುದು? ಆ ಪ್ರಶ್ನೆ ಏಳಲಿ ಎಂದೇ ಇಂಥ ಪರೀಕ್ಷೆ ನಡೆಸುತ್ತಾರಲ್ಲವೇ ಎಂದು ನೀವು ಕೇಳಬಹುದು. ಹಾಗೆ ಕೇಳುವವರನ್ನು ಪೂರ್ವಭಾವಿ ಸಭೆಗೆ ಕರೆಯುವುದಿಲ್ಲ.

ಅಣಕಿನಲ್ಲಿ ನಮ್ಮ ಜಿಲ್ಲೆಗೆ ಅನುಭವ ಕಡಿಮೆಯೇನಿಲ್ಲ. 2025ರ ಮೇ 7ಕ್ಕೆ ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ಘೋಷಿಸಿದಾಗ ಕರ್ನಾಟಕದಿಂದ ಪಟ್ಟಿಯಲ್ಲಿದ್ದ ಹೆಸರು ಮೂರೇ: ಬೆಂಗಳೂರು, ಕಾರವಾರ, ರಾಯಚೂರು. ಶಕ್ತಿನಗರದ ವಿದ್ಯುತ್ ಸ್ಥಾವರದ ಪುಣ್ಯ. ಏಮ್ಸ್ ಪಟ್ಟಿಯಲ್ಲಿ ಹೆಸರು ಬರಲಿ ಎಂದು 2022ರಲ್ಲಿ ಧರಣಿ ಕೂತ ಊರಿಗೆ ಅಣಕಿನ ಪಟ್ಟಿಯಲ್ಲಾದರೂ ಜಾಗ ಸಿಕ್ಕಿತು.

ನಮ್ಮ ಕಡೆಯ ನೆರೆಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕೃಷ್ಣೆಯ ನೆರೆ ಹೆಚ್ಚಾಗಿ ನಮ್ಮ ಮಳೆಯಿಂದ ಬರುವುದಲ್ಲ. ಇಲ್ಲಿ ಹತ್ತಿ ಹೊಲದಲ್ಲಿ ನಿಂತ ರೈತ ಒಂದು ಹದ ಮಳೆಗಾಗಿ ಮುಗಿಲು ನೋಡುತ್ತಿರುವಾಗಲೇ ಅತ್ತ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದು, ಕೊಯ್ನಾ ತುಂಬಿ, ಆಲಮಟ್ಟಿ ದಾಟಿ, ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ದಂಡೆಗೆ ಬಂದು ನಿಲ್ಲುತ್ತದೆ. ಶೀಲಹಳ್ಳಿ ಸೇತುವೆ ಮುಳುಗಿತು, ಹೂವಿನಹೆಡಗಿ ಸೇತುವೆ ಮುಳುಗಿತು ಎಂಬ ಸುದ್ದಿ ಬಿಸಿಲಲ್ಲೇ ಬರುತ್ತದೆ. ಕುರ್ವಕಲಾ, ಕುರ್ವಕುರ್ದಾದಂಥ ನಡುಗಡ್ಡೆಯವರಿಗೆ ಆಸ್ಪತ್ರೆ ಆಚೆ ದಂಡೆಯಲ್ಲಿ, ಉಳಿದದ್ದೆಲ್ಲ ದೇವರ ಇಚ್ಛೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಿದ್ದರು. 2009ರ ಕಥೆ ಬೇರೆ. ಆಗ ಸೆಪ್ಟೆಂಬರ್ ಕೊನೆಗೆ ಮಳೆ ನಮ್ಮ ತಲೆಯ ಮೇಲೆಯೇ ಸುರಿದು, ತುಂಗಭದ್ರೆ ಮಂತ್ರಾಲಯವನ್ನೇ ಹೊಕ್ಕಳು.

ಅಂದರೆ ಮೇಲಿನಿಂದ ಬರುವ ಈ ನೀರು ಹೇಳದೆ ಕೇಳದೆ ನುಗ್ಗುವ ಕಳ್ಳನಲ್ಲ. ಯಾವ ಗೇಟಿನಿಂದ ಎಷ್ಟು ಬಿಟ್ಟರು ಎಂಬ ಲೆಕ್ಕ ನೀರಿಗಿಂತ ಮೊದಲೇ ನಮಗೆ ತಲುಪಿರುತ್ತದೆ. ಆ ಹೊತ್ತಿನೊಳಗೆ ಯಾರ ಮನೆಯಲ್ಲಿ ಯಾರಿಗೆ ಏನು ಬೇಕು ಎಂಬ ಲೆಕ್ಕವೂ ಕೈಯಲ್ಲಿದ್ದರೆ ಸಾಕು. ಕಾನೂನು ಕೇಳುವುದೂ ಅದನ್ನೇ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೊಂದು ಪ್ರಾಧಿಕಾರ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ನು ಜಿಲ್ಲೆಯ ಅಂಗವಿಕಲರ ವಿವರ ಆ ಪ್ರಾಧಿಕಾರದ ಬಳಿ ಇರಬೇಕು, ಅಪಾಯದ ಸುಳಿವು ಸಿಕ್ಕರೆ ಅವರಿಗೆ ತಿಳಿಸಬೇಕು ಎನ್ನುತ್ತದೆ.

ನಮ್ಮ ಊರಿನಲ್ಲಿ ಈ ವಿವರ ಇಲ್ಲವೇ? ಧಾರಾಳವಾಗಿದೆ, ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕಿನಲ್ಲಿ. ರಟ್ಟು ಕಿತ್ತ ನೋಟ್‌ಬುಕ್ಕು. ಮೊದಲ ಪುಟಗಳಲ್ಲಿ ಬಸುರಿಯರು, ಎಷ್ಟನೇ ತಿಂಗಳು, ರಕ್ತ ಎಷ್ಟಿದೆ, ಎಷ್ಟನೇ ಹೆರಿಗೆ. ಮಧ್ಯದಲ್ಲಿ ಸಕ್ಕರೆ ಕಾಯಿಲೆಯವರು, ಯಾರು ಮಾತ್ರೆ, ಯಾರು ಸೂಜಿ. ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ: ‘ಹನುಮಪ್ಪನ ಗುಡಿ ಹಿಂದಿನ ಮನಿ ಮುತ್ಯಾ, ಎದ್ದು ಕೂಡಂಗಿಲ್ಲ, ಇಬ್ಬರು ಎತ್ತಬೇಕು.’ ಜಿಲ್ಲಾ ಯೋಜನೆಯ ಬಣ್ಣದ ಪುಟಗಳಲ್ಲಿ ಎಲ್ಲೂ ಸಿಗದ ಮಾತು ಈ ‘ಇಬ್ಬರು ಎತ್ತಬೇಕು’. ಇನ್ನು ಅಂಗವಿಕಲರ ಮನೆಮನೆ ಗೊತ್ತಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನೊಬ್ಬ ಪಂಚಾಯ್ತಿಯಲ್ಲೇ ಕೂತಿರುತ್ತಾನೆ, ಸ್ವತಃ ಅಂಗವಿಕಲ.

ಕಾರ್ಯಾಚರಣೆಯ ದಿನ ಇಬ್ಬರಿಗೂ ಕರೆ ಬಂತು. ಆಶಾಗೆ, ಒಂದೇ ಬಣ್ಣದ ಸೀರೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಕುಂಭ ಹಿಡಿದು ಬಾ ಎಂದು. ಪುನರ್ವಸತಿ ಕಾರ್ಯಕರ್ತನಿಗೆ, ನಿನ್ನ ಮೂರು ಗಾಲಿ ಬೈಕು ವೇದಿಕೆ ಮುಂದೆ ನಿಲ್ಲಿಸಬೇಡ, ಸಾಹೇಬರ ಗಾಡಿ ಬರುತ್ತದೆ ಎಂದು.

ನೆರೆ ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಿತ್ತು. ಸಾಹೇಬರು ತಡವಾಗಿದ್ದರಿಂದ ನೆರೆಯನ್ನು ಹನ್ನೊಂದೂವರೆಗೆ ಮುಂದೂಡಲಾಯಿತು.

ಅಷ್ಟರಲ್ಲಿ ಕಾಲೇಜಿನಿಂದ ಬಂದ ಇಪ್ಪತ್ತು ರೋಗಿಗಳು ಶಾಲೆಯ ಮೈದಾನದಲ್ಲಿ ಒಂದು ಇನಿಂಗ್ಸ್ ಕ್ರಿಕೆಟ್ ಮುಗಿಸಿದ್ದರು. ಬ್ಯಾಟು ಹಿಡಿದವನ ತಲೆಗೆ ದಪ್ಪ ಬ್ಯಾಂಡೇಜು, ಎದೆ ಮೇಲೆ ‘ಡಯಾಲಿಸಿಸ್’ ಎಂಬ ಚೀಟಿ.

‘ತಮ್ಮಾ, ಕಿಡ್ನಿ ಕಾಯಿಲೆಗಿ ತೆಲಿಗ್ಯಾಕ ಬ್ಯಾಂಡೇಜು?’ ಎಂದೆ.

‘ಹಚ್ಚಿಕೊಂಡಿಲ್ಲಂದ್ರ ರೋಗಿ ಅಂತ ಹ್ಯಾಂಗ ಗೊತ್ತಾಗ್ತದ್ರಿ ಅಣ್ಣಾ? ಫೋಟೊ ತೆಗಿತಾರ.’

ಡಯಾಲಿಸಿಸ್‌ನವನಿಗೆ ನಿಜಕ್ಕೂ ಬೇಕಾದದ್ದು ಬ್ಯಾಂಡೇಜಲ್ಲ, ವಾರಕ್ಕೆ ಎರಡು ಮೂರು ಸಲ ನಾಲ್ಕು ತಾಸು ಯಂತ್ರ, ಒಂದೊಂದು ಸಲಕ್ಕೂ ಸುಮಾರು 120 ಲೀಟರ್ ಶುದ್ಧ ನೀರು. ಸುತ್ತ ನೀರೋ ನೀರು, ಅದರಲ್ಲಿ ಒಂದು ಲೋಟವೂ ಅವನಿಗಾಗದು. ಶಾಲೆಯಲ್ಲಿ ಯಂತ್ರ ಇಡಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಅವನನ್ನು ಶಾಲೆಗೆ ಯಾಕೆ ತರಬೇಕು, ಸೇತುವೆ ಮುಳುಗುವ ಮುಂಚೆ ಡಯಾಲಿಸಿಸ್ ಇರುವ ಊರಿಗೇ ಯಾಕೆ ಕಳಿಸಬಾರದು, ಅಲ್ಲಿ ಬೆಡ್ಡು ಖಾಲಿ ಇದೆಯೋ ಎಂದು ಫೋನು ಮಾಡುವವರು ಯಾರು? ಇಷ್ಟು ಕೇಳಿದ್ದಕ್ಕೆ ಪಕ್ಕದಲ್ಲಿದ್ದ ಸಿಬ್ಬಂದಿ ನನ್ನನ್ನು ಒಂದು ಥರಾ ನೋಡಿ, ‘ಅದು ಆರೋಗ್ಯ ಇಲಾಖಿದ್ರಿ. ನಮದು ಬರೇ ಸಾಗಿಸೋದು’ ಎಂದರು.

ಸಾಗಿಸುವುದಂತೂ ಭರ್ಜರಿಯಾಗಿ ನಡೆಯಿತು. ರಬ್ಬರ್ ದೋಣಿ, ಕಿತ್ತಳೆ ಜಾಕೆಟ್ಟು, ಸೈರನ್ನು. ಒಬ್ಬ ‘ತುಂಬು ಗರ್ಭಿಣಿ’ ದೋಣಿಯಿಂದ ದಂಡೆಗೆ ಜಿಗಿದ. ಹೌದು, ಜಿಗಿದ, ಹುಡುಗಿಯರ ಮನೆಯವರು ಒಪ್ಪದ ಕಾರಣ ಹೊಟ್ಟೆಗೆ ದಿಂಬು ಕಟ್ಟಿಕೊಂಡದ್ದು ಹುಡುಗನೇ.

ಅಂದಿನ ನಿಜವಾದ ಪವಾಡ ನಡೆದದ್ದು ಶೌಚಾಲಯದ ಹತ್ತಿರ. ಒಬ್ಬ ‘ಪಾರ್ಶ್ವವಾಯು’ ಹುಡುಗನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಶಾಲೆಯ ಇಳಿಜಾರಿನ ಮೇಲೆ ನಿಲ್ಲಿಸಿದ್ದ ಮಾಸ್ತರರ ಬೈಕುಗಳನ್ನು ಸರಿಸಿ, ಇಳಿಜಾರು ಮುಗಿದಲ್ಲಿ ಎದುರಾದ ಒಂದು ಮೆಟ್ಟಿಲನ್ನು ನಾಲ್ವರು ಎತ್ತಿ ದಾಟಿಸಿ, ಶೌಚಾಲಯದ ಬಾಗಿಲಿಗೆ ತಂದರು. ಬಾಗಿಲು ಕುರ್ಚಿಗಿಂತ ಕಿರಿದು. ಅಡ್ಡ ತಿರುಗಿಸಿ ನೋಡಿದರು, ಹಿಂದುಮುಂದಾಗಿ ನೂಕಿ ನೋಡಿದರು. ಹಿಂದೆ ಕ್ಯಾಮೆರಾ ಕಾಯುತ್ತಿದೆ. ಕೊನೆಗೆ ಹುಡುಗನೇ ಬೇಸತ್ತು ಎದ್ದು ನಿಂತು, ಕುರ್ಚಿ ಮಡಚಿ, ಕಂಕುಳಲ್ಲಿ ಹಿಡಿದು ಒಳಗೆ ನಡೆದುಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ವಾಚು ಹಿಡಿದವರು ‘ನಾಲ್ಕು ನಿಮಿಷ’ ಎಂದು ಬರೆದುಕೊಂಡರು.

ಆ ಬಾಗಿಲಿನ ಅಗಲ ಅಳೆಯಲು ದೋಣಿಯೂ ಬೇಡ, ಸೈರನ್ನೂ ಬೇಡ, ಬಡಗಿಯ ಟೇಪು ಸಾಕು. ಪರಿಹಾರ ಕೇಂದ್ರದಲ್ಲಿ ತಲೆಗೆ 3.5 ಚದರ ಮೀಟರ್ ಜಾಗ, 30 ಜನಕ್ಕೊಂದು ಶೌಚಾಲಯ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕನಿಷ್ಠ ಮಟ್ಟ ಗೊತ್ತುಮಾಡಿದೆ. ನಮ್ಮ ಶಾಲೆಯಲ್ಲಿ ಲೆಕ್ಕ ಸರಿಯಾಗಿಯೇ ಇದೆ, ಒಳಗೆ ಹೋಗಲು ಬರುವುದಿಲ್ಲ ಅಷ್ಟೇ.

ಇಷ್ಟೆಲ್ಲ ಚೆಂದವಾಗಿ ನಡೆಯುತ್ತಿರುವಾಗ ಒಂದು ಅಚಾತುರ್ಯವಾಯಿತು. ಹಿಂದಿನ ದಿನ ಊರಲ್ಲಿ ಡಂಗುರ ಸಾರಿದವನಿಗೆ ಅಣಕು ಎಂಬ ಮಾತು ಬಾಯಿಗೆ ಬರದೆ, ‘ಉಸಿರಿನ ಮಶೀನ್ ಇದ್ದವರು ನಾಳಿಗಿ ಸಾಲಿಗಿ ಬರ್ರೆಪ್ಪೋ’ ಎಂದು ಸಾರಿಬಿಟ್ಟಿದ್ದ. ಅದನ್ನು ನಂಬಿ ಒಬ್ಬ ಅಜ್ಜಿ ಮಗನ ಬೈಕಿನಲ್ಲಿ ಬಂದೇಬಿಟ್ಟಳು, ಆಕ್ಸಿಜನ್ ಕಾನ್ಸನ್ಟ್ರೇಟರ್ ಸಮೇತ. ಅಸಲಿ ಅಜ್ಜಿ, ಅಸಲಿ ಮಶೀನು, ಅಸಲಿ ಏದುಸಿರು. ಇಡೀ ಮೈದಾನಕ್ಕೆ ಏನು ಮಾಡಬೇಕೋ ತೋಚಲಿಲ್ಲ.

‘ಹೆಸರು ಲಿಸ್ಟಿನಾಗ ಇಲ್ರಿ’ ಎಂದ ಪಟ್ಟಿ ಹಿಡಿದವನು.

‘ಲಿಸ್ಟು ಇರ್ಲಿ ಯಪ್ಪಾ, ಮಶೀನಿಗಿ ಕರೆಂಟ್ ಎಲ್ಲಿ ಅದ ಹೇಳು’ ಎಂದಳು ಅಜ್ಜಿ.

ಆ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದರಲ್ಲಿ ಮೈಕ್‌ಸೆಟ್ಟು. ಭಾಷಣ ನಡೆದಿತ್ತು. ವಿಶೇಷ ವೈದ್ಯಕೀಯ ಅಗತ್ಯವುಳ್ಳ ಕಟ್ಟಕಡೆಯ ವ್ಯಕ್ತಿಯನ್ನೂ ತಲುಪುವುದೇ ನಮ್ಮ ಧ್ಯೇಯ ಎಂದು ಸಾಹೇಬರು ಹೇಳುತ್ತಿದ್ದರು. ಕಟ್ಟಕಡೆಯ ವ್ಯಕ್ತಿ ಬಾಗಿಲಲ್ಲಿ ವೈರು ಹಿಡಿದು ನಿಂತಿದ್ದಳು.

‘ಸಾಹೇಬ್ರ ಮಾತು ಮುಗಿಲಿ ಅಮ್ಮಾ, ಆಮ್ಯಾಲ ಹಚ್ಚು.’

‘ಅವರದು ಮುಗಿಯೂತನಕ ನಂದು ಮುಗಿದಿರ್ತದ’ ಎಂದಳು. ಮಗ ಮಶೀನು ಮತ್ತೆ ಬೈಕಿಗೆ ಕಟ್ಟಿದ. ಅವರು ಹೋದ ಮೇಲೆ ಸಿಬ್ಬಂದಿಯೊಬ್ಬರು ನಿಟ್ಟುಸಿರುಬಿಟ್ಟು ಹೇಳಿದ್ದು ಇಷ್ಟು: ‘ಅಣಕಿನ ನಡುವ ಖರೇ ರೋಗಿಗೋಳು ಬಂದ್ರ ಭಾಳ ಗೊಂದಲ ಆಗ್ತದ್ರಿ.’

ಇಂಥ ಮಶೀನಿಗೆ ಬೇಕಾದದ್ದು ಮೂರ್ನಾಲ್ಕು ನೂರು ವ್ಯಾಟು. ಅದೇ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿರುವುದು 1,720 ಮೆಗಾವಾಟಿನ ಸ್ಥಾವರ. ನಮ್ಮೂರಿನ ಕಂಬದ ಫ್ಯೂಸು ಮಾತ್ರ ಮೋಡ ಕವಿದರೂ ಹಾರುತ್ತದೆ, ನೆರೆಯಲ್ಲಿ ಮೊದಲು ಕೈಕೊಡುವುದೂ ಕರೆಂಟೇ. ಕರೆಂಟಿಗೆ ಬದಲಿ ಏನು ಎಂದು ಮುಂಚೆಯೇ ಪರೀಕ್ಷಿಸಿ ನೋಡುವುದು ಯಾಕೆ ಬೇಕು ಎಂಬುದಕ್ಕೆ ಪಕ್ಕದ ಬಳ್ಳಾರಿಗೆ ಹೋದರೆ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಐಸಿಯುನಲ್ಲಿ ಕರೆಂಟ್ ಹೋದ ದಿನ ವೆಂಟಿಲೇಟರ್ ಮೇಲಿದ್ದವರು ತೀರಿಕೊಂಡರು. ಕರೆಂಟಿನಿಂದ ಸತ್ತರೋ ಕಾಯಿಲೆಯಿಂದ ಸತ್ತರೋ ಎಂಬ ಜಗಳ ವಿಧಾನಸಭೆಯವರೆಗೂ ಹೋಯಿತು. ಅದು ನೆರೆಯೂ ಇಲ್ಲದ, ಒಣ ನೆಲದ ಮೇಲಿನ ದೊಡ್ಡಾಸ್ಪತ್ರೆ.

ಮಧ್ಯಾಹ್ನ ಊಟ. ಸಕ್ಕರೆ ಕಾಯಿಲೆಯ ಚೀಟಿ ಅಂಟಿಸಿಕೊಂಡವರಿಗೆ ಶಿರಾ, ಬಿಳಿ ಅನ್ನ, ಸಾರು, ಮತ್ತೆ ಶಿರಾ. ಹುಡುಗರು ಚಪ್ಪರಿಸಿ ತಿಂದರು. ಇನ್ಸುಲಿನ್ ಪೆಟ್ಟಿಗೆ ಎಂದು ಒಂದು ಥರ್ಮಾಕೋಲ್ ಡಬ್ಬಿಯನ್ನು ಮೇಜಿನ ಮೇಲೆ ಪ್ರದರ್ಶನಕ್ಕೆ ಇಟ್ಟಿದ್ದರು. ಔಷಧ 2ರಿಂದ 8 ಡಿಗ್ರಿಯಲ್ಲಿ ಇರಬೇಕು ಎಂದು ಅದರ ಮೇಲೆಯೇ ಬರೆದಿತ್ತು. ಮುಚ್ಚಳ ತೆಗೆದು ನೋಡಿದೆ, ಸಾಹೇಬರಿಗೆಂದು ತಂದ ತಂಪು ಪಾನೀಯದ ಬಾಟಲಿ ತಣ್ಣಗಿದ್ದವು. ಮಂಜುಗಡ್ಡೆಗೆ ಖರ್ಚು ಹಾಕಿದ್ದು ವ್ಯರ್ಥವಾಗಲಿಲ್ಲ.

ಹಿಂದಿನ ನೆರೆಗಳಲ್ಲಿ ಜನ ಹೇಗೆ ಪಾರಾದರು? 2019ರಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ನೀರು ಹರಿಯುತ್ತಿದ್ದ ಸೇತುವೆಯ ಮೇಲೆ ದಾರಿ ಕಾಣದ ಆಂಬುಲೆನ್ಸ್‌ಗೆ ಶಾಲಾ ಹುಡುಗನೊಬ್ಬ ಮುಂದೆ ಮುಂದೆ ಓಡಿ ದಾರಿ ತೋರಿಸಿದ. ದೇಶವೆಲ್ಲ ಆ ವಿಡಿಯೊ ನೋಡಿತು, ಶೌರ್ಯ ಪ್ರಶಸ್ತಿ ಬಂತು. ಬರಲೇಬೇಕಾದ ಪ್ರಶಸ್ತಿ. ಆದರೆ ಸೊಂಟಮಟ್ಟದ ನೀರಿನಲ್ಲಿ ಮಗುವೊಂದು ಆಂಬುಲೆನ್ಸ್‌ನ ಮುಂದೆ ಓಡಬೇಕಾಗಿ ಬಂದದ್ದಕ್ಕೆ ಯಾರಿಗಾದರೂ ಒಂದು ನೋಟಿಸು ಕೊಟ್ಟಿದ್ದರೆ ಪ್ರಶಸ್ತಿಯ ಪಕ್ಕದಲ್ಲಿ ಅದೂ ಶೋಭಿಸುತ್ತಿತ್ತು.

ಸಂಜೆಯೊಳಗೆ ವರದಿ ತಯಾರಾಯಿತು. ಸ್ಥಳಾಂತರಿಸಿದ ರೋಗಿಗಳು: ಇಪ್ಪತ್ತು. ಸುರಕ್ಷಿತ: ಇಪ್ಪತ್ತು. ಕಂಡುಬಂದ ಲೋಪದೋಷಗಳು: ಇಲ್ಲ. ಕುಂಭ ಇಳಿಸಿ ಚಹಾ ಕುಡಿಯುತ್ತಿದ್ದ ಆಶಾ, ‘ಸರ್ರ, ಆ ಮುತ್ಯಾನ ಮನಿಗಿ ಯಾರೂ ಹೋಗ್ಲೇ ಇಲ್ಲ’ ಎಂದು ಮೆಲ್ಲಗೆ ನೆನಪಿಸಿದಳು. ‘ಆತಗ ಎದ್ದು ಬರಾಕ ಆಗಂಗಿಲ್ಲಲ್ಲಮ್ಮ, ಹ್ಯಾಂಗ ಕರಕೊಂಡು ಬರೋದು?’ ಎಂಬ ಉತ್ತರ ಬಂತು. ಆಕೆಗೊಂದು ಪ್ರಮಾಣಪತ್ರವನ್ನೂ ಕೊಟ್ಟರು, ಹೆಸರಿನಲ್ಲಿ ಒತ್ತಕ್ಷರ ತಪ್ಪಿತ್ತು.

ಫೋಟೊ ಮುಗಿಯುತ್ತಿದ್ದಂತೆ ಟಂಟಂ ಬಂದು ನಿಂತಿತು. ಶಾಮಿಯಾನದ ಅಂಗಡಿಯವನು ಜನರೇಟರ್ ಎತ್ತಿಸತೊಡಗಿದ. ಯೋಜನೆಯಲ್ಲಿ ‘ಸ್ಥಾಯಿ ಪರ್ಯಾಯ ವಿದ್ಯುತ್ ವ್ಯವಸ್ಥೆ’ ಎಂದಿರುವುದು ಇದೇ ಜನರೇಟರ್, ಬಾಡಿಗೆಯದು. ಎಲ್ಲಿಗೆ ಎಂದೆ.

‘ರಾತ್ರಿಗಿ ಮದಿವಿ ಅದ್ರಿ.’

‘ಮತ್ತ ನೆರಿ ಬಂದ್ರ?’

ಅವನು ಬೀಡಿ ಹಚ್ಚಿ, ಲೆಕ್ಕದವನಂತೆ ಯೋಚಿಸಿದ. ‘ಆಷಾಢದಾಗ ಬಂದ್ರ ಚಿಂತಿಲ್ರಿ, ಮಾಲು ಖಾಲಿ ಇರ್ತದ. ಶ್ರಾವಣದಾಗ ಬರೋದಿದ್ರ ಮಾತ್ರ ಮೊದ್ಲ ಹೇಳ್ರಿ, ಅಡ್ವಾನ್ಸ್ ಬುಕ್ಕಿಂಗ್ ಇರ್ತಾವ.’

2019ರ ನೆರೆ ಬಂದದ್ದು ಶ್ರಾವಣದಲ್ಲಿ, ನಾಗರ ಪಂಚಮಿಯ ಆಸುಪಾಸು.