ಸ್ಪೇಸರಿಗೆ ಬಂದ ಉಳ್ಳಾಗಡ್ಡಿ

ವೀಲ್ ಬೇರಿಂಗ್ ಅಂದರೆ ಚಕ್ರ ಸಲೀಸಾಗಿ ತಿರುಗಲೆಂದು ಎರಡು ಬಳೆಗಳ ನಡುವೆ ಗುಂಡುಗಳನ್ನು ಕೂರಿಸಿದ ಭಾಗ. ಅದು ಸವೆದರೆ ಕಾರು ‘ಗುಂಯ್’ ಅನ್ನುತ್ತದೆ, ವೇಗ ಏರಿದ ಹಾಗೆ ಗುಂಯ್ ಕೂಡ ಏರುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಬಳ್ಳಾರಿಯಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾದರೆ ಮೊದಲು ಸದ್ದಿಲ್ಲದ ರಸ್ತೆ ಹುಡುಕಬೇಕು. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಹೋಗುವಾಗ ಯಾವ ಗುಂಯ್ ನಮ್ಮದು, ಯಾವುದು ಲಾರಿಯದು ಎಂದು ಬಿಡಿಸಿ ಹೇಳಲು ಸಂಗೀತ ವಿದ್ವಾಂಸರೇ ಬೇಕು. ತೋರಣಗಲ್ಲು ದಾಟುವಾಗ ನಮ್ಮ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡಿದರು. ಅಲ್ಲಿ ವಿದ್ಯಾನಗರದ ವಿಮಾನ ನಿಲ್ದಾಣ ಇದೆಯಲ್ಲ, ವಿಮಾನ ಇಳೀತಿದೆ ಅಂದುಕೊಂಡರಂತೆ. ಕುಡತಿನಿ ಬಂದರೂ ವಿಮಾನ ನಮ್ಮ ಹಿಂದೆಯೇ ಇದ್ದದ್ದು ನೋಡಿ ಅವರಿಗೂ ಅನುಮಾನ ಶುರುವಾಯಿತು.

ಪತ್ತೆಗೆ ಉಪಾಯಗಳಿವೆ. ಓಡುವ ಗಾಡಿಯನ್ನು ನ್ಯೂಟ್ರಲ್‌ಗೆ ತಂದರೂ ಸದ್ದು ನಿಲ್ಲದಿದ್ದರೆ ಎಂಜಿನ್ ನಿರಪರಾಧಿ. ಬಲಕ್ಕೆ ತಿರುಗಿಸಿದರೆ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾದರೆ ಕಳ್ಳ ಎಡಗಡೆಯವನು. ಆಮೇಲೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ತಿರುಗಿಸಬೇಕು. ಬೇರಿಂಗ್ ಹೋಗಿದ್ದರೆ ಸ್ಪ್ರಿಂಗಿನಲ್ಲಿ ಗರಗರ ಅನ್ನೋದು ಬೆರಳಿಗೇ ತಿಳಿಯುತ್ತದೆ. ನಮ್ಮದರಲ್ಲಿ ತಿಳಿಯಿತು. ಆದರೆ ನಮ್ಮ ಓಣಿಯಲ್ಲಿ ಜಾಕ್ ಏರಿಸುವುದೂ ಡಂಗುರ ಸಾರುವುದೂ ಒಂದೇ. ಎದುರು ಮನೆಯ ನಿವೃತ್ತ ಡ್ರೈವರ್ ಬಂದು, ಮುಟ್ಟಿ ಕೂಡ ನೋಡದೆ, “ಅದಿ ಬೇರಿಂಗ್ ಕಾದಪ್ಪಾ, ಟೈರು” ಎಂದು, ಅಂದರೆ ಅದು ಬೇರಿಂಗ್ ಅಲ್ಲ ಟೈರು ಎಂದು, ತೆಲುಗಿನಲ್ಲಿ ತೀರ್ಪು ಕೊಟ್ಟು ಅಲ್ಲೇ ಕುರ್ಚಿ ಹಾಕಿಸಿಕೊಂಡರು. ಏರುಪೇರಾಗಿ ಸವೆದ ಟೈರು ಕೂಡ ಹೀಗೇ ಗುಂಯ್‌ಗುಡುತ್ತದೆ ಅನ್ನೋದು ನಿಜ, ಹಾಗಾಗಿ ಅವರನ್ನು ಎಬ್ಬಿಸುವಂತಿರಲಿಲ್ಲ.

ಕೆಲಸ ಕೈಗೆತ್ತಿಕೊಂಡವನು ನನ್ನ ಬಾಮೈದ. ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಬಲು ಶಿಸ್ತಿನ ಮನುಷ್ಯ. ಚಕ್ರ ನೆಲದ ಮೇಲಿರುವಾಗಲೇ ಅದರ ನಟ್ಟನಡುವಿನ ಹಬ್ ನಟ್ ಸಡಿಲಿಸಿದ. ಜಾಕ್ ನಂಬದೆ ಕೆಳಗೆ ಸ್ಟ್ಯಾಂಡ್ ಕೊಟ್ಟ. ಹಿಂದಿನ ಚಕ್ರದಲ್ಲಿ ಬೇರಿಂಗುಗಳು ಕೂರುವ ಬ್ರೇಕ್ ಡ್ರಮ್ ಎಳೆದು ತೆಗೆದರೆ ಒಳಗೆ ಗ್ರೀಸಿನ ಬದಲು ಕೆಂಪು ಲೇಹ್ಯ! ಸಂಡೂರಿನ ಗುಡ್ಡಗಳ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ದೂಳು ಸೀಲಿನ ಸಂದಿಯಿಂದ ಒಳಹೊಕ್ಕು ಗ್ರೀಸಿನ ಜೊತೆ ಸಂಸಾರ ಹೂಡಿತ್ತು. ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ನಮ್ಮ ಬೇರಿಂಗನ್ನು ಅದು ಹೊಳಪಿಸಿ ಹೊಳಪಿಸಿಯೇ ಮುಗಿಸಿತ್ತು.

ಹಳೆಯ ಬೇರಿಂಗುಗಳನ್ನು ಬಡಿದು ತೆಗೆದಾಯಿತು. ಹೊಸವನ್ನು ಕೂರಿಸುವುದು ನಯದ ಕೆಲಸ. ಬೇರಿಂಗ್ ತಣ್ಣಗಾದರೆ ಕುಗ್ಗುತ್ತದೆ, ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ. 50 ಮಿಲಿಮೀಟರ್ ವ್ಯಾಸಕ್ಕೆ 70 ಡಿಗ್ರಿ ಅಂತರ ಸಿಕ್ಕರೆ ಸುಮಾರು 0.04 ಮಿಲಿಮೀಟರ್ ಜಾಗ ಬಿಡುತ್ತದೆ. ಅಷ್ಟೇ ಸಾಕು, ಸುತ್ತಿಗೆಯ ಸಿಟ್ಟು ಅರ್ಧ ಇಳಿಯುತ್ತದೆ. ಬಿಸಿಗೆ ನಮಗೇನು ಬರ? ಮೇ ತಿಂಗಳು, ಡ್ರಮ್ಮನ್ನು ಮಾಳಿಗೆ ಮೇಲೆ ಇಟ್ಟರೆ ಬಳ್ಳಾರಿಯ ಸೂರ್ಯ ಪುಕ್ಕಟೆ ಕಾಯಿಸಿಕೊಡುತ್ತಾನೆ. ತಣ್ಣಗಾಗಲು ಹೊಸ ಬೇರಿಂಗುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಫ್ರೀಜರಿನಲ್ಲಿ ಮಗಳ ಕುಲ್ಫಿಯ ಪಕ್ಕ ಮಲಗಿದವು. ಅವಳು ರಾತ್ರಿ ಎದ್ದು ಒಂದನ್ನು ಬಿಚ್ಚಿ ನೋಡಿ, ಹಲ್ಲಿಗೆ ತಾಗಿಸಿಯೂ ನೋಡಿ, ವಾಪಸ್ ಇಟ್ಟಳಂತೆ.

ಬೆಳಗ್ಗೆ ಬಿಸಿಲೇರಿದ ಮೇಲೆ ಮೊದಲ ಬೇರಿಂಗ್ ಸಲೀಸಾಗಿ ಇಳಿಯಿತು. ಹೊಡೆಯುವುದಿದ್ದರೆ ಹೊರಗಿನ ಬಳೆಗೆ ಮಾತ್ರ ಹೊಡೆಯಬೇಕು. ಒಳಬಳೆಗೆ ಬಿದ್ದ ಏಟು ಗುಂಡುಗಳ ಮೂಲಕ ದಾಟಿ ಹಾದಿಯಲ್ಲಿ ಗುಳಿ ಬೀಳಿಸುತ್ತದೆ, ಹೊಸ ಬೇರಿಂಗ್ ಹುಟ್ಟುತ್ತಲೇ ಹಳೆಯದಾಗುತ್ತದೆ. ಬಾಮೈದ ಹಾಗೇ ಮಾಡಿದ. ಟಣ್ ಟಣ್ ಅನ್ನುತ್ತಿದ್ದದ್ದು ತಳ ಮುಟ್ಟಿದ್ದೇ ಠಪ್ ಅಂತು. “ಸ್ಪೇಸರ್” ಎಂದು ಆಪರೇಷನ್ ಥಿಯೇಟರಿನ ಡಾಕ್ಟರ ಗತ್ತಿನಲ್ಲಿ ಕೈ ಚಾಚಿದ.

ಎರಡು ಬೇರಿಂಗುಗಳ ನಡುವೆ ಕೂರುವ ಗೇಣೂ ಇಲ್ಲದ ಕೊಳವೆ ಅದು. ಇಲ್ಲದೆ ನಟ್ ಬಿಗಿದರೆ ಒಳಬಳೆಗಳು ಒಂದರತ್ತ ಒಂದು ಒತ್ತಿಕೊಂಡು ಚಕ್ರವೇ ಹಿಡಿದುಕೊಳ್ಳುತ್ತದೆ. ಬಿಚ್ಚಿದ ಸಾಮಾನನ್ನೆಲ್ಲ ಬಾಮೈದ ಕತ್ತರಿಸಿದ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ನೆಲಕ್ಕೆ ಹಾಸಿ ಅದರ ಮೇಲೆ ಸಾಲಾಗಿ ಜೋಡಿಸಿದ್ದ. ಈಗ ಆ ಕಾಲು ಮಡಚಿಕೊಂಡು ಕಟ್ಟೆಯ ಮೇಲೆ ಕೂತಿತ್ತು. ಸಾಮಾನು ಇರಲಿಲ್ಲ.

“ಗುಜರಿಯವ ಬಂದಿದ್ದ, ಕೊಟ್ಟೆ” ಅಂದಳು ಹೆಂಡತಿ. “ಹೊಸಾವು ಫ್ರಿಜ್ಜಿನಾಗ ಅದಾವು ಅಂದಮ್ಯಾಲೆ ಹೊರಗಿರೋವು ಹಳೇವೇ ಅಲ್ಲೇನು?” ಈ ತರ್ಕಕ್ಕೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಹೊಸ ನಟ್ಟು, ಸ್ಪ್ಲಿಟ್ ಪಿನ್ನು ಬಾಮೈದನ ಜೇಬಿನಲ್ಲಿದ್ದು ಬಚಾವಾಗಿದ್ದವು. ಮಿಕ್ಕದ್ದು ಗುಜರಿಯವನ ತಕ್ಕಡಿಯಲ್ಲಿ ಉಳ್ಳಾಗಡ್ಡಿಯಾಗಿ, ಆ ಉಳ್ಳಾಗಡ್ಡಿ ಹೆಚ್ಚಿ ಮಂಡಕ್ಕಿ ಒಗ್ಗರಣಿಯಾಗಿ, ತಟ್ಟೆಯಲ್ಲಿ ಮಿರ್ಚಿಯ ಪಕ್ಕ ನಮ್ಮನ್ನೇ ಕಾಯುತ್ತಿತ್ತು.

ಎರಡನೇ ಬೇರಿಂಗ್ ಬಾಮೈದನ ಅಂಗೈಯಲ್ಲಿ ಬೆವರತೊಡಗಿತ್ತು. ಅದನ್ನು ಮತ್ತೆ ಕುಲ್ಫಿಯ ಪಕ್ಕ ಮಲಗಿಸಿ ನಾನು ಬೈಕ್ ಹತ್ತಿದೆ. ಕೌಲ್ ಬಜಾರಿನ ಹತ್ತಿರ ತಳ್ಳುಗಾಡಿ ಸಿಕ್ಕಿತು. ಉಳ್ಳಾಗಡ್ಡಿ ಬೇಕಾದರೆ ವಾಪಸ್ ಕೊಡುತ್ತೇನೆ ಅನ್ನುವಂತಿರಲಿಲ್ಲ, ಅದಾಗಲೇ ಬೆಂದಿತ್ತು. ಕೊಟ್ಟ ತೂಕದ ಲೆಕ್ಕದಲ್ಲೇ ದುಡ್ಡು ಕೊಡುತ್ತೇನೆ ಅಂದೆ.

“ತಗೊಳ್ಳುವಾಗ ಅದು ಕಬ್ಣಾ ಸಾರ್” ಅಂದ ಆತ, ಸ್ಪೇಸರ್ ಒರೆಸುತ್ತಾ, “ಈಗ ಪಾರ್ಟು.”

ಕಡೆಗೆ ಒಂದು ತಟ್ಟೆ ಒಗ್ಗರಣಿ, ಎರಡು ಮಿರ್ಚಿಗೆ ವ್ಯವಹಾರ ಕುದುರಿತು. ಆತ ಗಾಡಿ ಸಮೇತ ಮನೆಗೆ ಬಂದು, ನಿವೃತ್ತ ಡ್ರೈವರ ಪಕ್ಕದಲ್ಲಿ ಕೂತು ತಿನ್ನುತ್ತಾ, ಡ್ರಮ್ ಕೂರುವುದನ್ನೂ ನಟ್ ಬಿಗಿಯುವುದನ್ನೂ ಇಬ್ಬರೂ ತೆಲುಗಿನಲ್ಲಿ ವಿಮರ್ಶೆ ಮಾಡಿದರು. ಚಕ್ರ ಸದ್ದಿಲ್ಲದೆ ತಿರುಗಿತು. ಕೈ ತೊಳೆದು ಗಾಡಿ ತಳ್ಳುವ ಮುನ್ನ ಆತ ಬಗ್ಗಿ ಬಲಗಡೆಯ ಚಕ್ರ ನೋಡಿದ.

“ಈ ಕಡೇದು ಯಾವಾಗ ಬಿಚ್ತೀರಿ ಸಾರ್?”

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು: “ಆವಾಗ ಬಳ್ಳೊಳ್ಳಿ ತಗೊಂಡು ಬಾರಪ್ಪಾ, ಉಳ್ಳಾಗಡ್ಡಿ ಇನ್ನೂ ಅದಾವು.”