ಪರ-ವಿರೋಧ: ಸ್ಕೈರಿಮ್ ಆಟದಲ್ಲಿ ಉಲ್ಫ್ರಿಕ್‌ನ ಬಂಡಾಯಕ್ಕೆ ಬೆಂಬಲ ಕೊಡಬೇಕೇ?

ಪರ: ದೇವರನ್ನು ಬಿಟ್ಟುಕೊಟ್ಟವರಿಗೆ ನಿಷ್ಠೆ ಏಕೆ?

ಬಂಡಾಯದ ನಾಯಕ ಉಲ್ಫ್ರಿಕ್ ಸ್ಟಾರ್ಮ್‌ಕ್ಲೋಕ್‌ನ ಪರ ಬರೆಯಲು ನನ್ನನ್ನು ಕೇಳಿದ್ದಾರೆ. ಆ ಮನುಷ್ಯನ ಬಗ್ಗೆ ನನಗೆ ಅಂಥ ಅಭಿಮಾನವೇನಿಲ್ಲ; ಸ್ಕೈರಿಮ್ ಸಾಮ್ರಾಜ್ಯದಿಂದ ಬೇರೆಯಾಗಬೇಕೆಂಬ ಅವನ ಬೇಡಿಕೆ ಮಾತ್ರ ನ್ಯಾಯವಾದದ್ದು. 2011ರಲ್ಲಿ ಬೆಥೆಸ್ಡಾ ಹೊರತಂದ ಈ ವಿಡಿಯೊ ಆಟದಲ್ಲಿ ನಾರ್ಡ್ ಎಂಬ ಜನರ ನಾಡಾದ ಸ್ಕೈರಿಮ್ ದೂರದ ಚಕ್ರವರ್ತಿಯ ಕೈಕೆಳಗಿದೆ. ಎಲ್ಫ್‌ಗಳೊಡನೆ ಯುದ್ಧ ಮಾಡಿ ಬಸವಳಿದ ಚಕ್ರವರ್ತಿ ನಾಲ್ಕನೇ ಯುಗದ 175ರಲ್ಲಿ ವೈಟ್-ಗೋಲ್ಡ್ ಒಪ್ಪಂದಕ್ಕೆ ಸಹಿ ಹಾಕಿ, ನಾರ್ಡರ ದೇವರಾದ ಟ್ಯಾಲೋಸ್‌ನ ಪೂಜೆಯನ್ನೇ ನಿಷೇಧಿಸಿದ. ಚಕ್ರವರ್ತಿಗಾಗಿ ರಕ್ತ ಹರಿಸಿದ್ದ ನಾರ್ಡರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಈಗ ಎಲ್ಫ್‌ಗಳನ್ನು ಆಳುವ ಥಾಲ್ಮೋರ್ ಪಂಗಡದ ಅಧಿಕಾರಿಗಳು ನಾರ್ಡರ ನೆಲದಲ್ಲೇ ತಿರುಗಾಡಿ, ಟ್ಯಾಲೋಸ್‌ಗೆ ಕೈಮುಗಿದವರನ್ನು ಹಿಡಿದೊಯ್ಯುತ್ತಾರೆ.

ಸಾಮ್ರಾಜ್ಯವಿಲ್ಲದೆ ಉಳಿಗಾಲವಿಲ್ಲ ಎನ್ನುವವರು ನೆರೆನಾಡು ಹ್ಯಾಮರ್‌ಫೆಲ್ ಕಡೆ ನೋಡಲಿ. ಅಲ್ಲಿನ ರೆಡ್‌ಗಾರ್ಡರು ಒಪ್ಪಂದವನ್ನು ಧಿಕ್ಕರಿಸಿ, ಒಂಟಿಯಾಗಿ ಕಾದಾಡಿ, 180ರಲ್ಲಿ ಎಲ್ಫ್ ಸೇನೆಯನ್ನು ಹಿಂದಕ್ಕೆ ಕಳುಹಿಸಿದರು. ಸ್ಕೈರಿಮ್‌ನಲ್ಲಿ ಯಾರ್ಲ್ ಎಂಬ ಸೀಮೆಯೊಡೆಯರು ಮೂಟ್ ಸಭೆಯಲ್ಲಿ ಸೇರಿ ರಾಜನನ್ನು ಆರಿಸುವ ಪದ್ಧತಿಯಿದೆ. ಗೆದ್ದ ಮೇಲೂ ಉಲ್ಫ್ರಿಕ್ ಆ ಸಭೆಯ ತೀರ್ಮಾನಕ್ಕೆ ಕಾಯುತ್ತೇನೆ ಎನ್ನುತ್ತಾನೆ. ಅವನ ನಗರ ವಿಂಡ್‌ಹೆಲ್ಮ್‌ನಲ್ಲಿ ನಾರ್ಡರಲ್ಲದವರಿಗೆ ತೋರುವ ಭೇದಭಾವದ ಮಾತು ಬರುತ್ತದೆ, ಗೊತ್ತು. ಸಾಮ್ರಾಜ್ಯದ ಸಾಲಿಟ್ಯೂಡ್ ನಗರದಲ್ಲೂ ಬೆಕ್ಕಿನ ರೂಪದ ಖಜೀತ್ ವ್ಯಾಪಾರಿಗಳು ಕೋಟೆಯ ಹೊರಗೇ ಡೇರೆ ಹಾಕಬೇಕು. ಮೊದಲು ಸ್ವಾತಂತ್ರ್ಯ ಬರಲಿ, ಉಳಿದದ್ದು ಆಮೇಲೆ.

ವಿರೋಧ: ಯಾರ ಸ್ವಾತಂತ್ರ್ಯ?

ವಿಂಡ್‌ಹೆಲ್ಮ್‌ನ ಹೆಬ್ಬಾಗಿಲು ದಾಟಿದ ಕೂಡಲೇ ಕಾಣುವುದು ಇದು: ಇಬ್ಬರು ನಾರ್ಡರು ಡನ್ಮರ್ ಎಂಬ ಕಪ್ಪು ಎಲ್ಫ್ ಕುಲದ ಒಬ್ಬ ಹೆಂಗಸನ್ನು ಅಡ್ಡಗಟ್ಟಿ, ಶತ್ರುವಿನ ಗೂಢಚಾರಿಣಿ ಎಂದು ಬೆದರಿಸುತ್ತಿರುತ್ತಾರೆ. ಅವರಲ್ಲೊಬ್ಬ ರಾಲ್ಫ್, ಉಲ್ಫ್ರಿಕ್‌ನ ಬಲಗೈ ಬಂಟ ಗಾಲ್ಮಾರ್‌ನ ಸಹೋದರ. ಇದು ನಡೆಯುವುದು ಉಲ್ಫ್ರಿಕ್‌ನ ರಾಜಧಾನಿಯಲ್ಲಿ. ತಾಯ್ನಾಡಿನಲ್ಲಿ ಜ್ವಾಲಾಮುಖಿ ಸಿಡಿದು ದಿಕ್ಕಾಪಾಲಾದ ಡನ್ಮರರಿಗೆ ಅವನ ಊರಿನಲ್ಲಿ ಸಿಕ್ಕಿರುವುದು ಗ್ರೇ ಕ್ವಾರ್ಟರ್ ಎಂಬ ಕೊಳೆಗೇರಿ. ಹಲ್ಲಿಯ ರೂಪದ ಆರ್ಗೋನಿಯನ್ನರಿಗೆ ಕೋಟೆಯೊಳಗೆ ವಾಸಿಸಲೂ ಅಪ್ಪಣೆಯಿಲ್ಲ. ಹಡಗುಕಟ್ಟೆಯಲ್ಲೇ ಮಲಗಿ, ನಾರ್ಡರಿಗಿಂತ ತೀರ ಕಡಿಮೆ ಕೂಲಿಗೆ ದುಡಿಯುತ್ತಾರೆ.

ನೆಲದ ಮಾತಿಗೆ ಬರೋಣ. ಸ್ಕೈರಿಮ್‌ನ ಪಶ್ಚಿಮದಲ್ಲಿರುವ ರೀಚ್ ಸೀಮೆಯ ಮೂಲಜನರು 174ರಲ್ಲಿ ಮಾರ್ಕಾರ್ತ್ ನಗರವನ್ನು ಹಿಡಿದು ತಮ್ಮದೇ ಆಡಳಿತ ಕಟ್ಟಿಕೊಂಡಿದ್ದರು. ಎರಡು ವರ್ಷದ ಬಳಿಕ ದಂಡು ಕಟ್ಟಿಕೊಂಡು ಹೋಗಿ ಅವರನ್ನು ಬಡಿದಟ್ಟಿದವನು ಇದೇ ಉಲ್ಫ್ರಿಕ್. ನಾರ್ಡರಿಗೆ ಹಕ್ಕಾದದ್ದು ರೀಚ್‌ನವರಿಗೆ ಹೇಗೆ ಅಪರಾಧವಾಯಿತು? ಇನ್ನು ದೇವರ ವಿಷಯ. ಬಾಗಿಲು ಹಾಕಿಕೊಂಡು ಮನೆಯೊಳಗೆ ಪೂಜಿಸಿದರೆ ಸಾಲದೇ, ಅದಕ್ಕೊಂದು ಅಂತರ್ಯುದ್ಧ ಬೇಕೇ?

ನನ್ನ ತಂಗಿ ಡನ್ಮರ್ ಪಾತ್ರ ಕಟ್ಟಿಕೊಂಡು ಈ ಆಟ ಆಡಿದಳು. ಬಂಡಾಯ ಸೇರಲು ಹೋದಾಗ, ನಾರ್ಡ್ ಅಲ್ಲದವಳಿಗೆ ಸ್ಕೈರಿಮ್‌ಗಾಗಿ ಹೋರಾಡುವ ಉಸಾಬರಿ ಏಕೆ ಎಂಬರ್ಥದಲ್ಲಿ ಗಾಲ್ಮಾರ್ ಕೇಳಿದ. ಅವಳು ಹಟ ಹಿಡಿದು ಸೇರಿದಳು. ಕೋಟೆಗಳನ್ನು ಗೆದ್ದುಕೊಟ್ಟಳು, ಸಾಲಿಟ್ಯೂಡ್ ಕೂಡ ಬಿದ್ದಿತು. ಇನ್ನಾದರೂ ತನ್ನವರಿಗೆ ಒಳ್ಳೆಯದಾಗುತ್ತದೆಂದು ನಂಬಿ ಗ್ರೇ ಕ್ವಾರ್ಟರ್‌ಗೆ ಓಡಿದರೆ ಅದೇ ಗಲ್ಲಿ, ಅದೇ ಬಡತನ. “ಅಕ್ಕಾ, ಹಾಗಾದರೆ ನಾನು ಗೆದ್ದದ್ದು ಯಾರಿಗಾಗಿ?” ಎಂದಳು. ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು, ನನಗೂ ಆಯಿತು. ಮುಂದಿನ ಸಲ ಅವಳು ಸಾಮ್ರಾಜ್ಯದ ಕಡೆಯಿಂದ ವಿಂಡ್‌ಹೆಲ್ಮ್‌ಗೆ ಮುತ್ತಿಗೆ ಹಾಕಿದಳು. ಹಾಗೆ ಗೆದ್ದರೆ ಯಾರ್ಲ್ ಆಗುವವನು ಬ್ರುನ್‌ವುಲ್ಫ್, ಡನ್ಮರರ ಪರ ದನಿಯೆತ್ತುವ ಆ ಊರಿನದೇ ನಾರ್ಡ್. ಅವನನ್ನು ಗದ್ದುಗೆಯ ಮೇಲೆ ಕೂರಿಸಿದ ಮೇಲೆಯೇ ಅವಳು ಊಟಕ್ಕೆ ಎದ್ದಳು.