ಡಬ್ಬ ಹಿಡಿಯೋಕೆ ಮಾತ್ರ ನಾವು ಬೇಕಾ?

ಕೇರಳದ ವಯನಾಡಿನ ಸಂತ್ರಸ್ತರಿಗೆ ಅಂತ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕೈಲಿ ಎತ್ತಿಸಿದ ದುಡ್ಡು ಒಟ್ಟು ಎಷ್ಟಾಯಿತು, ಎಲ್ಲಿಗೆ ಹೋಯಿತು? ಇಷ್ಟು ಕೇಳಿದ್ದಕ್ಕೆ ಕಾಲೇಜಿನಲ್ಲಿ ನಾನೀಗ ತಲೆಹರಟೆ ಹುಡುಗಿ. ಆಗಸ್ಟ್‌ನಿಂದ ಕೇಳುತ್ತಿದ್ದೇನೆ, ನವೆಂಬರ್ ಮುಗಿಯುತ್ತಾ ಬಂತು. "ಆಮೇಲೆ ನೋಡೋಣ ಹೋಗಮ್ಮ" ಅನ್ನುವುದು ಬಿಟ್ಟರೆ ಬೇರೆ ಉತ್ತರವಿಲ್ಲ. ಇಲ್ಲಾದರೂ ಹೊಟ್ಟೆಯಲ್ಲಿರುವುದನ್ನು ಕಕ್ಕಿಬಿಡುತ್ತೇನೆ.

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವಲ್ಲ, ಆಗಿನ ಮಾತು. ಟಿವಿ ನೋಡಿ ಎಲ್ಲರಿಗೂ ಕರುಳು ಚುರುಕ್ ಅಂದಿತ್ತು. ಏನಾದರೂ ಮಾಡಬೇಕು ಅಂತ ನಮಗೂ ಇತ್ತು, ಯಾರೂ ಭಾಷಣ ಮಾಡಿ ಹೇಳಬೇಕಿರಲಿಲ್ಲ. (ಅದಕ್ಕೆ ಎರಡು ವಾರ ಮುಂಚೆ, ಜುಲೈ 16ಕ್ಕೆ, ನಮ್ಮದೇ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದು ಜನ ಸತ್ತಾಗ ಇದೇ ಕಾಲೇಜಿಗೆ ಡಬ್ಬದ ನೆನಪೇ ಆಗಲಿಲ್ಲ. ಅದು ಬೇರೆ ಸಂಕಟ, ಬಿಡಿ.)

ನೋಟೀಸ್ ಬಂತು. ಎನ್‌ಎಸ್‌ಎಸ್‌ನವರೆಲ್ಲ (ರಾಷ್ಟ್ರೀಯ ಸೇವಾ ಯೋಜನೆಯವರು) ಟೀ ಶರ್ಟ್ ಹಾಕಿಕೊಂಡು ಬರಬೇಕು, ಕ್ಲಾಸಿಗೆ ಇಷ್ಟು ದುಡ್ಡು ಅಂತ ಟಾರ್ಗೆಟ್. ದಾನಕ್ಕೂ ಟಾರ್ಗೆಟ್! ಡಬ್ಬ ಅಂದರೆ ಏನು ಅಂದುಕೊಂಡಿರಿ? ಶೂ ಬಾಕ್ಸಿಗೆ ಬಣ್ಣದ ಪೇಪರ್ ಸುತ್ತಿ, ಮೇಲೆ ಬ್ಲೇಡಿನಲ್ಲಿ ಒಂದು ಸೀಳು. ಬೀಗ ಇಲ್ಲ, ಸೀಲ್ ಇಲ್ಲ, ನಂಬರ್ ಇಲ್ಲ. ರಸೀದಿ ಪುಸ್ತಕ ಕೇಳಲೇಬೇಡಿ. ಪಕ್ಕಕ್ಕೆ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದರು.

ಆ ಕ್ಯೂಆರ್ ಕೋಡ್ ಯಾರದ್ದು ಅಂತ ನಮಗೆ ಗೊತ್ತಾಗಿದ್ದು ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ. ಬೇಕರಿಯವರು ಸ್ಕ್ಯಾನ್ ಮಾಡಿ, ಮೊಬೈಲನ್ನು ನನ್ನ ಮುಖಕ್ಕೇ ಹಿಡಿದರು. "ಇದ್ಯಾರಮ್ಮ ಇವರು? ಕಾಲೇಜಿನ ಹೆಸರು ಬರ್ತಿಲ್ವಲ್ಲ." ನೋಡಿದರೆ ನಮ್ಮ ಸರ್ ಒಬ್ಬರ ಸ್ವಂತ ಅಕೌಂಟ್! "ನಮ್ಮ ಸರ್ ಅಂಕಲ್, ಅವರೇ ಎಲ್ಲಾ ಸೇರಿಸಿ ಕಳಿಸ್ತಾರೆ" ಅಂದೆ. ಅವರು ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊಬೈಲ್ ಜೇಬಿಗಿಟ್ಟುಕೊಂಡರು. ಸರಿಯಾಗೇ ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.

ಕೊಡದವರ ಮೇಲೆ ನನಗೇನೂ ಸಿಟ್ಟಿಲ್ಲ. ಕೊಟ್ಟವರ ಮುಖ ನೆನಪಾದರೆ ಮೈ ಉರಿಯುತ್ತೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ನಾವು ಕೇಳಿಯೂ ಇರಲಿಲ್ಲ. ಅವರೇ ಕೂಗಿ ಕರೆದರು. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ನಾಲ್ಕು ಮಡಿಕೆ ಮಾಡಿಟ್ಟಿದ್ದ ಹತ್ತರ ನೋಟು ತೆಗೆದು, ಆ ಸೀಳಿನಲ್ಲಿ ಹೋಗಲಿಲ್ಲ ಅಂತ ಬಿಡಿಸಿ, ನೀವಿ ಹಾಕಿದರು. "ಪಾಪ, ಆ ಜನಕ್ಕೆ ಹೋಗಿ ತಲುಪ್ತದೇನವ್ವಾ?" ಅಂದರು. "ತಲುಪುತ್ತೆ ಅಜ್ಜಿ" ಅಂದೆ. ಮಾತು ಕೊಟ್ಟಿದ್ದು ನಾನು. ಪ್ರಿನ್ಸಿಪಾಲರಲ್ಲ, ಪ್ರೋಗ್ರಾಂ ಆಫೀಸರ್ ಅಲ್ಲ. ನಾಳೆ ಅಜ್ಜಿ ಕೇಳಿದರೆ ಉತ್ತರ ಹೇಳಬೇಕಾದವಳೂ ನಾನೇ. ದಿನಾ ಅದೇ ಪ್ಲಾಟ್‌ಫಾರ್ಮಿನಲ್ಲಿ ಬಸ್ ಹತ್ತುತ್ತೇನೆ.

ಸಂಜೆ ಡಬ್ಬಗಳೆಲ್ಲ ಸ್ಟಾಫ್ ರೂಮಿಗೆ ಹೋದವು. ನಾವೂ ಎಣಿಸುತ್ತೇವೆ ಸರ್ ಅಂದರೆ, "ನೀವು ಹೊರಗಡೆ ಫೋಟೋಗೆ ನಿಂತುಕೊಳ್ಳಿ" ಅಂದರು. ಫೋಟೋಗೆ ಮಾತ್ರ ಎಷ್ಟು ಶ್ರದ್ಧೆ ಗೊತ್ತಾ? ಜಿಯೋಟ್ಯಾಗ್ ಇರುವ ಫೋಟೋನೇ ಬೇಕು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ಕೊಡಬೇಕು. ಒಂದರಲ್ಲಿ ಲೊಕೇಶನ್ ಬಂದಿಲ್ಲ ಅಂತ ಮತ್ತೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಯಾವ ಅಕ್ಷಾಂಶ ರೇಖಾಂಶದಲ್ಲಿ ಹಲ್ಲು ಕಿರಿದೆವು ಅನ್ನುವುದಕ್ಕೆ ದಾಖಲೆ ಇದೆ. ದುಡ್ಡಿಗೆ ಇಲ್ಲ. ಮಾರನೇ ದಿನ ಪೇಪರಿನಲ್ಲೂ ಬಂತು, ವಿದ್ಯಾರ್ಥಿಗಳಿಂದ ನಿಧಿ ಸಂಗ್ರಹ ಅಂತ. ಪೂರ್ತಿ ಓದಿದೆ. ಅತಿಥಿಗಳ ಹೆಸರೆಲ್ಲ ಇತ್ತು, ಮೊತ್ತ ಇರಲಿಲ್ಲ. ಫ್ಲೆಕ್ಸ್‌ಗೆ ಎಷ್ಟು ಖರ್ಚಾಯಿತು, ಅದನ್ನು ಎಲ್ಲಿಂದ ಕೊಟ್ಟರು, ದೇವರಿಗೇ ಗೊತ್ತು.

ಅಂದಹಾಗೆ ನಮ್ಮ ಕ್ಲಾಸಿನ ಟಾರ್ಗೆಟ್ ಮುಟ್ಟಲಿಲ್ಲ. ಕಡಿಮೆ ಬಿದ್ದಿದ್ದನ್ನು ನಾವೇ ತಲೆಗಿಷ್ಟು ಹಾಕಿ ತುಂಬಿಸಿದೆವು. ಬಸ್ ಪಾಸ್ ಮಾಡಿಸೋಕೇ ಒದ್ದಾಡುವ ಹುಡುಗರಿದ್ದಾರೆ ನಮ್ಮ ಕ್ಲಾಸಿನಲ್ಲಿ. ಇದಕ್ಕೆ ವಸೂಲಿ ಅನ್ನದೆ ಇನ್ನೇನು ಅನ್ನಬೇಕು?

ನಮ್ಮ ಬೀದಿಯ ಗಣಪತಿ ಹುಡುಗರನ್ನು ಎಲ್ಲರೂ ಪೋಲಿಗಳು ಅಂತ ಬೈಯುತ್ತಾರೆ. ಅವರ ಹತ್ತಿರ ರಸೀದಿ ಪುಸ್ತಕ ಇರುತ್ತೆ. ಯಾರು ಎಷ್ಟು ಚಂದಾ ಕೊಟ್ಟರು ಅಂತ ಮೈಕಿನಲ್ಲಿ ಕೂಗುತ್ತಾರೆ. ಗಣಪತಿ ಬಿಟ್ಟ ಮೇಲೆ ಪೆಂಡಾಲಿಗೆ ಎಷ್ಟು, ತಮಟೆಯವರಿಗೆ ಎಷ್ಟು ಅಂತ ಬರೆದು ದೇವಸ್ಥಾನದ ಗೋಡೆಗೆ ಅಂಟಿಸುತ್ತಾರೆ. ಎರಡೆರಡು ಪಿಎಚ್‌ಡಿ ಇರುವವರಿಗೆ ಅಷ್ಟು ಮಾಡೋಕೆ ಏನು ರೋಗ?

ಕೆಲಸ ತಪ್ಪಿಸಿಕೊಳ್ಳೋಕೆ ಹೀಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಎನ್‌ಎಸ್‌ಎಸ್ ನನಗೆ ಇಷ್ಟ. ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು. ದುಡಿದಿದ್ದೇನೆ. ಏಳು ದಿನದ ಶಿಬಿರದಲ್ಲಿ ಚರಂಡಿಯ ಹೂಳು ಎತ್ತಿ ಅಂಗೈಯೆಲ್ಲ ಬೊಬ್ಬೆ ಬಂದಿತ್ತು, ಆದರೂ ರಾತ್ರಿ ಕ್ಯಾಂಪ್‌ಫೈರಿನಲ್ಲಿ ಕುಣಿದಿದ್ದೇನೆ. ಯಾಕೆ ಅಂದರೆ ಆ ಚರಂಡಿ ಕಣ್ಣೆದುರಿಗೇ ಚೊಕ್ಕಟ ಆಯಿತು, ನೀರು ಹರಿಯಿತು. ಡಬ್ಬದ ದುಡ್ಡು ಹಾಗೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕಾಗದ ಬೇಕು ಅನ್ನುವುದು.

ಯಾರೋ ತಿಂದುಬಿಟ್ಟಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಹೋಗಿ ತಲುಪಿರಲೂಬಹುದು. ಹಾಗಿದ್ದರೆ ತೋರಿಸೋಕೆ ಏನು ಕಷ್ಟ? ಕೇರಳದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಆನ್‌ಲೈನಿನಲ್ಲೇ ದುಡ್ಡು ಹಾಕಬಹುದು, ರಸೀದಿಯೂ ಬರುತ್ತೆ. ಆ ರಸೀದಿಯ ಜೆರಾಕ್ಸ್ ತೆಗೆದು ನೋಟೀಸ್ ಬೋರ್ಡಿಗೆ ಹಾಕಲಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದು ಬಿಟ್ಟು "ನಿಮಗೆ ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ತಿರುಗಿ ಬೀಳುವುದು ಯಾವ ನ್ಯಾಯ? ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಬೇಕರಿಯವರಿಗೂ ಅನುಮಾನ ಬಂದಿತ್ತಲ್ವಾ?

ಈಗ ಹೊಸ ನೋಟೀಸ್ ಬಂದಿದೆ. ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ, ಕ್ಲಾಸಿಗೆ ಎಂಟು ಜನ ಹೆಸರು ಕೊಡಿ ಅಂತ. 1949ರಿಂದ ನಡೆದುಕೊಂಡು ಬಂದಿದೆ ಅದು. ಯೋಧರ ಕ್ಷೇಮಕ್ಕೆ ಅಂತ ದುಡ್ಡು ಕೊಟ್ಟವರ ಎದೆಗೆ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಅಂಟಿಸಬೇಕು. ನನ್ನ ಹೆಸರು ಕೊಟ್ಟಿದ್ದೇನೆ. ಆದರೆ ಬಾವುಟ ಎಣಿಸಿ, ಬರೆದು, ಸಹಿ ಮಾಡಿಸಿಕೊಂಡೇ ತೆಗೆದುಕೊಳ್ಳುವುದು, ಮಿಕ್ಕಿದ್ದನ್ನು ಎಣಿಸಿಯೇ ವಾಪಸ್ ಕೊಡುವುದು ಅಂತ ಮುಖಕ್ಕೇ ಹೇಳಿ ಬಂದಿದ್ದೇನೆ. ಗೆಳತಿಯರು ಇಂಟರ್ನಲ್ಸ್ ಮಾರ್ಕ್ಸ್ ಸರ್‌ಗಳ ಕೈಲಿದೆ ಕಣೇ, ಸುಮ್ನೆ ಇರು ಅನ್ನುತ್ತಿದ್ದಾರೆ.

ವಯನಾಡಿನ ಲೆಕ್ಕಕ್ಕೆ ಡಿಸೆಂಬರ್ 7ರವರೆಗೆ ಕಾಯುತ್ತೇನೆ. ನಮ್ಮದು ಸರ್ಕಾರಿ ಕಾಲೇಜು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರ ಕೊಡೋಕೆ ಅವರಿಗೆ 30 ದಿನ. ಅರ್ಜಿ ಬರೆದಿಟ್ಟಿದ್ದೇನೆ, ಪೋಸ್ಟಲ್ ಆರ್ಡರ್ ತರುವುದೊಂದು ಬಾಕಿ.